ಭಟ್ಟನ ಕೈಗೆ ಬಂಗುಡೆ

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಮೀಟಿಂಗ್ ಮಧ್ಯೆ ನೆನಪಾಗಿ ಸುಮ್ನೆ ನಕ್ಕು, ಗಡಿಬಿಡಿಯಲ್ಲಿ ಮ್ಯೂಟ್ ಒತ್ತಿದ್ದೂ ಆಯಿತು.

"ಎಳೆದವರಿಗೆ ಪಾಲು. ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು ಮಾರಾಯ್ರೆ."

ಹೇಳಿದ್ದು ಮಲ್ಪೆ ಪಡುಕೆರೆಯ ಒಬ್ಬ ಅಜ್ಜ. ಹೇಳಿಸಿಕೊಂಡಿದ್ದು ನಮ್ಮ ಭಟ್ಟ. ಶಿರಸಿ ಕಡೆಯವನು. ಕೇಕ್ ಕೊಟ್ಟರೂ ಮೊಟ್ಟೆ ಹಾಕಿದ್ದಾರಾ ಎಂದು ಕೇಳಿಯೇ ಬಾಯಿಗೆ ಇಡುವವನು. ಅವನ ಕೈಯಲ್ಲಿ ಆಗ ಒಂದು ಚೀಲ ಬಂಗುಡೆ ಮೀನು.

ಕಾಲೇಜು ಗುಂಪಿನ ಟ್ರಿಪ್ ಹೇಗಿರುತ್ತದೆ ಅಂತ ಗೊತ್ತಲ್ಲ. ವರ್ಷವಿಡೀ ವಾಟ್ಸಾಪಿನಲ್ಲಿ ಗೋವಾ, ಹೊರಡುವ ಹೊತ್ತಿಗೆ ಅರ್ಧ ಜನಕ್ಕೆ ಮನೆಯಲ್ಲಿ ಕೆಲಸ. ಈ ಸಲ ಮಲ್ಪೆಯಾದರೂ ಆಗಿದ್ದು ಲೀಡರ್ ಇದ್ದಿದ್ದರಿಂದ. ಕಾಲೇಜಿನಲ್ಲಿ ನಾವಿಟ್ಟ ಹೆಸರು ಅದು. ಈಗ ಅವನ ಕಂಪನಿಯೂ ಅದನ್ನೇ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದೆ. ಶುಕ್ರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಇನ್ನೂ ಕತ್ತಲಿರುವಾಗಲೇ ಉಡುಪಿಯಲ್ಲಿ ಇಳಿದೆವು. ಅಂದು ಸೇಂಟ್ ಮೇರೀಸ್ ದ್ವೀಪ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಕಲ್ಲಿನ ಕಂಬಗಳು. ಲೀಡರ್ ಅವುಗಳ ಮೇಲೆ ಶರ್ಟ್ ಬದಲಿಸಿ ಬದಲಿಸಿ ನಿಂತ. ದ್ವೀಪದ ಬಗ್ಗೆ ಇಷ್ಟು ಸಾಕು.

ಮಾರನೇ ದಿನ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಹೋಂಸ್ಟೇ ಮುಂದಿನ ಮರಳಿನಲ್ಲೇ ಕೈರಂಪಣಿ, ಅಂದರೆ ದಡದಲ್ಲಿ ನಿಂತು ಬಲೆ ಎಳೆದು ಮೀನು ಹಿಡಿಯುವುದು, ನಡೆಯುತ್ತಿತ್ತು. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ ಬಿಟ್ಟು, ದೋಣಿಯವರು ಸಮುದ್ರದಲ್ಲಿ ಅರ್ಧ ಸುತ್ತು ಹಾಕಿ ಬಲೆ ಇಳಿಸಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಾರೆ. ಆಮೇಲೆ ಎರಡು ಗುಂಪು, ಎರಡು ಹಗ್ಗ. ಎಳೆಯುತ್ತಾ ಎಳೆಯುತ್ತಾ ಗುಂಪುಗಳು ಹತ್ತಿರ ಬರುತ್ತವೆ. ನೋಡಲು ಸುಲಭ. ಒದ್ದೆ ಹಗ್ಗ ಹಿಡಿದರೆ ಗೊತ್ತಾಗುತ್ತದೆ. ಮರಳು ಕೂತ ನಾರು ಅಂಗೈ ಕೆರೆಯುತ್ತದೆ, ಹಿಮ್ಮಡಿ ಹೂತುಹೋಗುತ್ತದೆ. ಎಲ್ಲರೂ ಹಿಂದೆ ಹಿಂದೆ ನಡೆಯಬೇಕು. ಕೊನೆಯಲ್ಲಿದ್ದವನು ಹಗ್ಗ ಬಿಟ್ಟು, ಓಡಿ ಮತ್ತೆ ನೀರಿನ ಅಂಚಿಗೆ ಹೋಗಿ ಮುಂದೆ ಹಿಡಿಯಬೇಕು. ಹೀಗೆ ಒಂದು ಗಂಟೆಗೂ ಜಾಸ್ತಿ.

ನಾವೂ ಸೇರಿಕೊಂಡೆವು. ಯಾರೂ ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಲೀಡರ್ ಹಗ್ಗ ಹಿಡಿದ, ವಿಡಿಯೋ ಆಯಿತು, ಬಿಟ್ಟ. ಆಮೇಲೆ ತೆಂಗಿನ ಮರದ ಕೆಳಗೆ ಕೂತು ಅದಕ್ಕೆ ಹಾಡು ಹುಡುಕತೊಡಗಿದ. ನಾವು ಉಳಿದವರು ಎಳೆಯುವುದು, ಕೂರುವುದು, ಮತ್ತೆ ಎಳೆಯುವುದು. ಭಟ್ಟ ಮಾತ್ರ ಬಿಡಲೇ ಇಲ್ಲ. ಮೊದಮೊದಲು ಬರೀ ತೋಳಿನಲ್ಲಿ ಎಳೆಯುತ್ತಿದ್ದ. ಅಜ್ಜ ಹಿಂದಿನಿಂದ ಬಂದು, "ಕೈಯಲ್ಲಿ ಅಲ್ಲ, ಸೊಂಟದಲ್ಲಿ ಎಳೆಯುವುದು" ಅಂದು ಅವನ ಸೊಂಟಕ್ಕೆ ಒಂದು ತಟ್ಟಿದರು. ಅಷ್ಟೇ ಪಾಠ.

ಬಲೆಯ ಚೀಲ ಮೇಲೆ ಬಂದಾಗ ನಾನು ಅಂದುಕೊಂಡಷ್ಟು ಮೀನಿರಲಿಲ್ಲ. ಬಂಗುಡೆ, ಒಂದಿಷ್ಟು ಬೂತಾಯಿ, ಏಡಿ, ಲೋಳೆ ಲೋಳೆ ಜೆಲ್ಲಿ, ಚಿಪ್ಸ್ ಕವರ್. ಬುಟ್ಟಿ ಹಿಡಿದು ಬಂದಿದ್ದ ಹೆಂಗಸರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಇವತ್ತು ವ್ಯಾಪಾರ ಅಷ್ಟಕ್ಕಷ್ಟೇ ಎಂದು. ಲೀಡರ್ ಫೋನ್ ಹಿಡಿದು ಓಡಿ ಬಂದ. "ಅಜ್ಜಾ, ಎಷ್ಟು ಕೊಡಲಿ? ಸ್ಕ್ಯಾನರ್ ಇದೆಯಾ?"

ಅಜ್ಜ ತಲೆ ಎತ್ತಲಿಲ್ಲ. ಕೋಪ ಇರಲಿಲ್ಲ, ನಿಜವಾಗಲೂ ಇರಲಿಲ್ಲ. ಮೀನು ಆರಿಸಿ ಚೀಲಕ್ಕೆ ಹಾಕಿದರು. ಚಾಚಿದ್ದ ಲೀಡರ್ ಕೈ ದಾಟಿ ಹೋಗಿ ಭಟ್ಟನ ಕೈಗೆ ಕೊಟ್ಟರು. ಚೀಲದೊಳಗೆ ಇನ್ನೂ ಪಟಪಟ ಸದ್ದು. ಭಟ್ಟ ಮುಖ ಆಚೆ ತಿರುಗಿಸಿ, "ಅಯ್ಯೋ, ನಾನು ತಿನ್ನೋದಿಲ್ಲ ಅಜ್ಜ" ಅಂದ. ಆಗ ಬಂತು ಆ ಮಾತು. ಎಳೆದವರಿಗೆ ಪಾಲು.

ನನಗೆ ತಕ್ಷಣ ನೆನಪಾಗಿದ್ದು ನಮ್ಮ ಕೊನೆ ವರ್ಷದ ಪ್ರಾಜೆಕ್ಟ್. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕೂತು ಕೋಡ್ ಬರೆದವನು ಭಟ್ಟ. ವೈವಾದಲ್ಲಿ ಎದ್ದು ನಿಂತು ಮಾತಾಡಿದವನು ಲೀಡರ್. ಇಬ್ಬರಿಗೂ ಸಮ ಮಾರ್ಕ್ಸ್. ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಅದೇ ಪ್ರಾಜೆಕ್ಟ್ ಲೀಡರ್‌ನ ಸ್ವಂತದ್ದಾಯಿತು, ಕೆಲಸವೂ ಮೊದಲು ಸಿಕ್ಕಿತು. ಇದು ಇಡೀ ಗುಂಪಿಗೆ ಗೊತ್ತು, ಯಾರೂ ಆಡುವುದಿಲ್ಲ. ಭಟ್ಟನಂತೂ ಕೇಳಿದರೆ "ಹೋಗ್ಲಿ ಬಿಡು" ಅನ್ನುತ್ತಾನೆ. ಅವನ ಈ ಒಳ್ಳೆತನ ನನಗೆ ಒಮ್ಮೊಮ್ಮೆ ಸೋಮಾರಿತನದ ಹಾಗೆ ಕಾಣುತ್ತದೆ. ಜಗಳ ಆಡಲು ಬೇಜಾರು, ಅಷ್ಟೇ.

ಹಾಗಂತ ಲೀಡರ್ ಕೆಟ್ಟವನಲ್ಲ. ಅವನಿಲ್ಲದಿದ್ದರೆ ನಾವ್ಯಾರೂ ಮನೆ ಬಿಟ್ಟು ಕದಲುತ್ತಿರಲಿಲ್ಲ. ಟಿಕೆಟ್, ರೂಮು, ದೋಣಿ, ಕೊನೆಗೆ ಯಾರ ಹೆಂಡತಿಗೆ ಯಾರು ಫೋನ್ ಮಾಡಿ ಒಪ್ಪಿಸಬೇಕು ಅನ್ನುವುದೂ ಅವನದೇ ತಲೆನೋವು. ಅದೂ ಒಂದು ಎಳೆತವೇ ಅಲ್ವಾ?

ಚಹಾ ಅಂಗಡಿಯವರು ಇದನ್ನು ಇನ್ನಷ್ಟು ಕಲಸುಮೇಲೋಗರ ಮಾಡಿದರು. ಮೊದಲು ಇಲ್ಲಿ ದೊಡ್ಡ ರಂಪಣಿಯೇ ಇತ್ತಂತೆ. ಊರಿಗೆ ಊರೇ ಹಗ್ಗಕ್ಕೆ ನಿಲ್ಲಬೇಕಿತ್ತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಸಮುದ್ರದಲ್ಲೇ ಸುತ್ತುವರಿದು ಎತ್ತಿಬಿಡುತ್ತಿದ್ದವು. ದೊಡ್ಡ ರಂಪಣಿ ಹೋಯಿತು, ಕೈರಂಪಣಿ ಉಳಿಯಿತು. "ಮತ್ತೆ ಪಾಲು ಎಳೆದವರಿಗೆ ಮಾತ್ರ ಅಲ್ಲ" ಎಂದರು. "ಬಲೆಗೂ ಪಾಲುಂಟು, ದೋಣಿಗೂ ಉಂಟು."

ಲೀಡರ್ ಕೇಳಿದ್ದೇ ತಡ, "ನೋಡ್ರೋ, ನಾನು ದೋಣಿ!" ಎಂದ. ಎಲ್ಲರೂ ನಕ್ಕೆವು. ಭಟ್ಟ ಜಾಸ್ತಿ ನಕ್ಕ. ನನಗೆ ಅಷ್ಟು ನಗು ಬರಲಿಲ್ಲ. ನಮ್ಮ ಆಫೀಸಿನಲ್ಲಿ ಹೀಗೆ ತಾವೇ ದೋಣಿ ಎಂದು ನಂಬಿಕೊಂಡವರು ಎಷ್ಟು ಜನ ಇದ್ದಾರೆ ಎಂದು ಲೆಕ್ಕ ಹಾಕುತ್ತಿದ್ದೆ. ದೋಣಿಯಾದರೂ ನೀರಿಗೆ ಇಳಿಯುತ್ತದೆ.

ಮಧ್ಯಾಹ್ನ ಹೋಂಸ್ಟೇ ಅಕ್ಕ ಆ ಬಂಗುಡೆಗೆ ಕೆಂಪು ಮಸಾಲೆ ಹಚ್ಚಿ ಕಾಯಿಸಿ ಕೊಟ್ಟರು. ಭಟ್ಟ ಮೂಗಿಗೆ ಟವೆಲ್ ಹಿಡಿದುಕೊಂಡೇ, ಇಕ್ಕಳದಲ್ಲಿ ಎತ್ತಿ ಎತ್ತಿ ತಾನೇ ಬಡಿಸಿದ. ಬೇರೆ ಯಾರನ್ನೂ ಪಾತ್ರೆ ಮುಟ್ಟಲು ಬಿಡಲಿಲ್ಲ. ಅವನ ಮುಖದಲ್ಲಿ ಅಷ್ಟು ಗತ್ತು ನಾನು ಕಾನ್ವೊಕೇಶನ್ ದಿನವೂ ಕಂಡಿರಲಿಲ್ಲ. ಲೀಡರ್ ತಟ್ಟೆಗೆ ಬಾಲದ ತುಂಡು ಬಿತ್ತು. ಬೇಕಂತಲೇ ಹಾಕಿದನೋ, ಕೈಗೆ ಸಿಕ್ಕಿದ್ದು ಹಾಗೋ. ಕೇಳಿದರೆ ಹೇಳುವವನಲ್ಲ.

ಮೀನು ಕಾಯಿಸಿಕೊಟ್ಟ ದುಡ್ಡನ್ನು ಲೀಡರ್ ಲೆಕ್ಕದ ಆ್ಯಪಿನಲ್ಲಿ ಎಲ್ಲರಿಗೂ ಸಮ ಹಂಚಿದ್ದ, ತುತ್ತೂ ತಿನ್ನದ ಭಟ್ಟನನ್ನೂ ಸೇರಿಸಿ. ನಿನ್ನೆ ರಾತ್ರಿ ನೋಡಿದರೆ ಭಟ್ಟ ಅದನ್ನು ಅಳಿಸಿ, ಪೂರ್ತಿ ಮೊತ್ತವನ್ನು ಲೀಡರ್ ಲೆಕ್ಕಕ್ಕೆ ಹಾಕಿ, ವಿವರದಲ್ಲಿ ಒಂದೇ ಪದ ಬರೆದಿದ್ದಾನೆ: ದೋಣಿ.