ನಯಾಗರಾ ದಾರಿಯಲ್ಲಿ ಕಾರ್ನಿಂಗ್: ಗಾಜಿನ ಮ್ಯೂಸಿಯಂಗೆ ಒಂದು ದಿನ ಇಟ್ಟುಕೊಳ್ಳಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬರುವ ಅಪ್ಪ-ಅಮ್ಮಂದಿರ ಪಟ್ಟಿಯಲ್ಲಿ ನಯಾಗರಾ ಇದ್ದೇ ಇರುತ್ತದೆ ಅಲ್ವಾ? ನ್ಯೂಯಾರ್ಕ್‌ನಿಂದ ಅಲ್ಲಿಗೆ ಹೊರಡುವ ಟೂರ್ ಬಸ್ಸುಗಳಲ್ಲಿ ಹಲವು ದಾರಿಯಲ್ಲಿ ಕಾರ್ನಿಂಗ್ ಅನ್ನುವ ಸಣ್ಣ ಊರಲ್ಲಿ ನಿಲ್ಲುತ್ತವೆ, ಗಾಜಿನ ಮ್ಯೂಸಿಯಂ ನೋಡಲಿ ಅಂತ. ಮೊದಲ ಸಲ ನಾವೂ ಹಾಗೇ ಹೋಗಿದ್ದೆವು. ಸಿಕ್ಕಿದ್ದು ಒಂದೂವರೆ ಗಂಟೆ. ರೆಸ್ಟ್‌ರೂಮು, ಕಾಫಿ ಮುಗಿಸಿ ಒಳಗೆ ಕಾಲಿಡುವಷ್ಟರಲ್ಲಿ ವಾಪಸ್ ಬಸ್ ಹತ್ತುವ ಹೊತ್ತು. ಆ ಕೊರಗು ಹಾಗೇ ಉಳಿದಿತ್ತು. ಈ ಸಲ ಅತ್ತೆ-ಮಾವ ಬಂದಾಗ ನಮ್ಮ ಕಾರಲ್ಲೇ ಹೋಗಿ, ರಾತ್ರಿ ಅಲ್ಲೇ ಉಳಿದೆವು. ನೀವೂ ಹಾಗೇ ಮಾಡಿ.

ನ್ಯೂಯಾರ್ಕ್ ಕಡೆಯಿಂದ ಸುಮಾರು ನಾಲ್ಕೂವರೆ ಗಂಟೆ ಡ್ರೈವ್. ಅಲ್ಲಿಂದ ನಯಾಗರಾಕ್ಕೆ ಇನ್ನೂ ಎರಡೂವರೆ ಗಂಟೆ. ನಾವು ತಗೊಂಡ ಟಿಕೆಟ್ ಎರಡು ದಿನಕ್ಕೆ ನಡೆಯಿತು, 17 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಾಗಲಿಲ್ಲ. ಹೊರಡುವ ಮುಂಚೆ ಅವರ ವೆಬ್‌ಸೈಟ್ ಒಂದ್ಸಲ ನೋಡಿಕೊಳ್ಳಿ.

ಒಳಗೆ ಹೋದವರು ಮೊದಲು ಹಳೆಯ ಗಾಜಿನ ಕಡೆ ನಡೆಯಿರಿ. 3,500 ವರ್ಷಗಳ ಚರಿತ್ರೆ ಅಲ್ಲಿದೆ. ಈಜಿಪ್ಟಿನ ಒಬ್ಬ ರಾಜನ ಗಾಜಿನ ತಲೆಯನ್ನು ಹುಡುಕಿ ನೋಡಿ. ಹುಡುಕಲೇಬೇಕು, ಯಾಕೆಂದರೆ ಅದರ ಎತ್ತರ ಬರೀ 4 ಸೆಂಟಿಮೀಟರ್. ಹೆಬ್ಬೆರಳಷ್ಟು ಮುಖದಲ್ಲಿ ತುಟಿ, ಕಣ್ಣಿನ ಗುಳಿ ಎಲ್ಲಾ ಎಷ್ಟು ನವಿರು! ಮೊದಲು ಕಡುನೀಲಿ ಬಣ್ಣದ್ದಂತೆ. ಕಾಲ ಕಳೆದು ಈಗ ಒಣ ಮಣ್ಣಿನ ಬಣ್ಣಕ್ಕೆ ತಿರುಗಿದೆ. ಆ ಕಾಲದಲ್ಲಿ ಗಾಜು ಊದುವುದು ಯಾರಿಗೂ ಗೊತ್ತಿರಲಿಲ್ಲ. ಪಾತ್ರೆ ಬೇಕಾದರೆ ಮಣ್ಣಿನ ಅಚ್ಚಿನ ಸುತ್ತ ಬಿಸಿ ಗಾಜು ಸುತ್ತಿ, ತಣ್ಣಗಾದ ಮೇಲೆ ಮಣ್ಣು ಕೆರೆದು ತೆಗೆಯುತ್ತಿದ್ದರು. ಸುಮಾರು 2,000 ವರ್ಷಗಳ ಹಿಂದೆ ಸಿರಿಯಾ-ಪ್ಯಾಲೆಸ್ಟೈನ್ ಕಡೆ ಕೊಳವೆಯಿಂದ ಊದುವುದನ್ನು ಕಲಿತ ಮೇಲೆ, ರಾಜರ ಮನೆಯ ಗಾಜು ರೋಮಿನ ಸಾಮಾನ್ಯ ಜನರ ಮನೆಗೂ ಬಂತು.

ಮಾವ ಅಲುಗಾಡದೆ ನಿಂತಿದ್ದು 200 ಇಂಚಿನ ಬಿಲ್ಲೆಯ ಮುಂದೆ. ಕ್ಯಾಲಿಫೋರ್ನಿಯಾದ ಪಾಲೊಮಾರ್ ದೂರದರ್ಶಕದ ಕನ್ನಡಿಗೆ ಅಂತ 1934ರ ಮಾರ್ಚ್‌ನಲ್ಲಿ ಎರಕ ಹೊಯ್ದ ಗಾಜು ಅದು. ಅಡ್ಡಗಲ 5 ಮೀಟರ್, ತೂಕ ಸುಮಾರು 20 ಟನ್. ತೂಕ ತಗ್ಗಲಿ ಅಂತ ಹಿಂಬದಿಯಲ್ಲಿ ಜೇನುಗೂಡಿನ ಹಾಗೆ ಗುಳಿಗಳು ಬರುವಂತೆ ಅಚ್ಚು ಮಾಡಿದ್ದರು. ಹೊಯ್ಯುವಾಗ ಶಾಖಕ್ಕೆ ಬೋಲ್ಟು ಕರಗಿ, ಅಚ್ಚಿನ ತುಂಡುಗಳು ಕಿತ್ತುಕೊಂಡು ಗಾಜಿನ ಮೇಲೆ ತೇಲಿಬಿಟ್ಟವು. ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಹೊಯ್ದರು. ಸೀಳು ಬಿಡಬಾರದು ಅಂತ ತಿಂಗಳುಗಟ್ಟಲೆ ನಿಧಾನಕ್ಕೆ ತಣಿಸಿದರು. ನಡುವೆ ನದಿಗೆ ಪ್ರವಾಹ ಬಂದು ಕರೆಂಟೂ ಹೋಗಿತ್ತಂತೆ, ಆದರೂ ಗಾಜು ಉಳಿಯಿತು. 1936ರಲ್ಲಿ ರೈಲಿನಲ್ಲಿ ನಿಲ್ಲಿಸಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದರು. ಆ ಎರಡನೆಯದು ಪಾಲೊಮಾರ್‌ನಲ್ಲಿದೆ, ಇಲ್ಲಿರುವುದು ಕೆಟ್ಟುಹೋದ ಮೊದಲನೆಯದು. ಕೆಟ್ಟಿದ್ದನ್ನು ಒಡೆದು ಹಾಕದೆ ಇಷ್ಟು ಗೌರವದಿಂದ ಇಟ್ಟಿದ್ದಾರಲ್ಲ, ನನಗೆ ಅದು ತುಂಬಾ ಹಿಡಿಸಿತು.

ಗಾಜು ಊದಿ ತೋರಿಸುವ ಪ್ರದರ್ಶನ ದಿನಕ್ಕೆ ಹಲವು ಬಾರಿ ಇರುತ್ತದೆ. ಹೋದ ಕೂಡಲೇ ಸಮಯ ಕೇಳಿಟ್ಟುಕೊಳ್ಳಿ, ಸ್ವಲ್ಪ ಮುಂಚೆ ಹೋಗಿ ಮುಂದಿನ ಸಾಲು ಹಿಡಿಯಿರಿ. ಕುಲುಮೆಯಿಂದ ಬಂದ ಗಾಜು ಕಾಸಿದ ಬೆಲ್ಲದ ಪಾಕದ ಹಾಗೆ ಜೋಲುತ್ತದೆ. ಕೊಳವೆ ತಿರುಗಿಸುವುದನ್ನು ಒಂದು ಕ್ಷಣ ಬಿಟ್ಟರೂ ಒಂದು ಕಡೆ ವಾಲಿಬಿಡುತ್ತದೆ. ಗಾಜು ಒಡೆಯುವ ಪ್ರದರ್ಶನವನ್ನೂ ಬಿಡಬೇಡಿ. ಬಿಸಿ ಗಾಜನ್ನು ನೀರಿಗೆ ಬಿಟ್ಟು ಮಾಡಿದ ಹನಿಯ ತಲೆಗೆ ಸುತ್ತಿಗೆ ಏಟು ಬಿದ್ದರೂ ಏನೂ ಆಗುವುದಿಲ್ಲ. ಬಾಲ ಮುರಿದರೆ ಸಾಕು, ಇಡೀ ಹನಿ ಪುಡಿಪುಡಿ.

ಹೊಸ ಕಲಾಕೃತಿಗಳ ಬಿಳಿ ಕಟ್ಟಡ ಚೆನ್ನಾಗಿದೆ. ಕಾಲು ನೋಯುತ್ತಿದ್ದರೆ ಅದನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ.

ನಮ್ಮ ಕೈಯಲ್ಲೇ ಗಾಜಿನ ವಸ್ತು ಮಾಡಿಸುವ ವ್ಯವಸ್ಥೆಯೂ ಇದೆ. ಅದಕ್ಕೆ ಹಣ ಬೇರೆ, ಮುಂಚೆಯೇ ಬುಕ್ ಮಾಡಬೇಕು. ಊದಿದ ಗಾಜು ರಾತ್ರಿಯಿಡೀ ನಿಧಾನಕ್ಕೆ ತಣಿಯಬೇಕು, ಹಾಗಾಗಿ ಕೈಗೆ ಸಿಗುವುದು ಮರುದಿನವೇ. ಉಳಿದುಕೊಳ್ಳಿ ಅಂತ ಹೇಳಲು ಇದೂ ಒಂದು ಕಾರಣ. ಅವತ್ತೇ ಹೊರಡುವವರು ಕೊರಿಯರ್ ಬಗ್ಗೆ ಕೇಳಿಕೊಳ್ಳಿ.

ಬೇಸಿಗೆಯಾದರೆ ಅರ್ಧ ಗಂಟೆ ದೂರದ ವಾಟ್ಕಿನ್ಸ್ ಗ್ಲೆನ್ ಜಲಪಾತಗಳನ್ನೂ ಸೇರಿಸಿಕೊಳ್ಳಿ. ಮೆಟ್ಟಿಲು ಜಾಸ್ತಿ, ಮಂಡಿ ನೋವಿನವರಿಗೆ ಕಷ್ಟ. ಚಳಿಗಾಲದಲ್ಲಿ ಆ ಕಣಿವೆ ದಾರಿ ಮುಚ್ಚಿರುತ್ತದೆ.

ಅತ್ತೆ ಹಸಿರು ಬಣ್ಣ ಆರಿಸಿ ಒಂದು ಗುಂಡು ಊದಿದರು. ಯಾಕೆ ಹಸಿರು ಅಂದರೆ, ಕೈಯಲ್ಲಿನ ಬಳೆ ತೋರಿಸಿದರು. ಮರುದಿನ ಅದನ್ನು ತಗೊಂಡು, ಹಳೇ ಕಾಟನ್ ಸೀರೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆವು. ಊರಿಗೆ ಹೊರಟಾಗ ಸೂಟ್‌ಕೇಸಿಗೆ ಹಾಕಲು ಬಿಡಲಿಲ್ಲ, ಕೈಚೀಲದಲ್ಲೇ ಇಟ್ಟುಕೊಂಡರು. ನೀವೂ ಗಾಜನ್ನು ಕೈಚೀಲದಲ್ಲೇ ತನ್ನಿ.