ದಿನಾ ಏನು ಅಡುಗೆ ಮಾಡೋದು ಅಂತ ಯೋಚನೆ ಆಗಲ್ವಾ?

ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ತೆಗೆದರೆ ಸಾಕು, ಯಾರಾದರೂ ಕೇಳುತ್ತಾರೆ. ಮದುವೆ ಮನೆಯಲ್ಲಿ ಸಿಗುವ ನೆಂಟರೂ ಕೇಳುತ್ತಾರೆ. "ಎರಡು ಹೊತ್ತೂ ಮನೆಯಲ್ಲೇ ಮಾಡ್ತೀರಲ್ಲ, ಏನು ಮಾಡೋದು ಅಂತ ಯೋಚನೆ ಆಗಲ್ವಾ? ನಮಗಂತೂ ಮಾಡೋದಕ್ಕಿಂತ ಏನು ಮಾಡೋದು ಅನ್ನೋದೇ ತಲೆನೋವು." ಇಷ್ಟು ಜನ ಕೇಳಿದ ಮೇಲೆ ಒಂದು ಸಲ ಕೂತು ಸರಿಯಾಗಿ ಉತ್ತರ ಬರೆಯೋಣ ಅನ್ನಿಸಿತು.

ನಾನು ಯೋಚನೆಯನ್ನೇ ಮಾಡುವುದಿಲ್ಲ. ತಳ್ಳುಗಾಡಿಯ ಮೇಲೆ ಯಾವುದು ರಾಶಿ ಬಿದ್ದಿದೆಯೋ ಅದನ್ನು ತರುತ್ತೇನೆ. ತಂದದ್ದನ್ನು ಏನು ಮಾಡಬೇಕು ಅನ್ನುವುದಕ್ಕೆ ನಮ್ಮ ಕಡೆ ನಾಲ್ಕು ದಾರಿ ಇದೆ. ಹುಳಿ, ಬಸ್ಸಾರು, ಮಸ್ಸೊಪ್ಪು, ಉಪ್ಪೆಸರು. ವರ್ಷಪೂರ್ತಿ ಈ ನಾಲ್ಕೇ ತಿರುಗುತ್ತಿರುತ್ತವೆ. ಒಳಗೆ ಬೀಳುವ ಸೊಪ್ಪು, ಕಾಳು, ಕಾಯಿ ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಪಕ್ಕದಲ್ಲಿ ಮುದ್ದೆ, ಇಲ್ಲವೇ ಅನ್ನ.

ಹೀಗೆ ಹೇಳಿದರೆ "ಅಷ್ಟೇನಾ?" ಅನ್ನುತ್ತಾರೆ. ಅಷ್ಟೇ. ಆದರೆ ಅದರೊಳಗೆ ಏನೇನಿದೆ ಅಂತ ಹೇಳಬೇಕು. ಅವರೆಕಾಯಿಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನು ಅಡುಗೆ ಕಲಿತದ್ದೂ ಅಲ್ಲಿಂದಲೇ.

ನಮ್ಮದು ಮಾಗಡಿ ಕಡೆಯ ಊರು. ರಾಗಿ ಹೊಲದಲ್ಲಿ ಬರೀ ರಾಗಿ ಬಿತ್ತುತ್ತಿರಲಿಲ್ಲ. ಕೆಲವು ಸಾಲು ರಾಗಿ ಆದ ಮೇಲೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ. ಅಂಚಿನಲ್ಲಿ ಹುಚ್ಚೆಳ್ಳು, ಸಾಸಿವೆ. ಮಳೆಗಾಲದಲ್ಲಿ ಎಲ್ಲವೂ ಒಟ್ಟಿಗೆ ಮೇಲೇಳುತ್ತಿದ್ದವು. ರಾಗಿ ಕೊಯ್ದು ಹೊಲ ಬಯಲಾದ ಮೇಲೆ ಅವರೆ ಬಳ್ಳಿಗೆ ಜಾಗ ಸಿಗುತ್ತಿತ್ತು. ಆಗ ಮಳೆ ಇರುವುದಿಲ್ಲ. ಬೆಳಗಿನ ಇಬ್ಬನಿ ಕುಡಿದುಕೊಂಡೇ ಅದು ಹಬ್ಬಿ, ಹೂಬಿಟ್ಟು, ಕಾಯಿ ಕಟ್ಟುತ್ತಿತ್ತು. ಮುದ್ದೆಗೂ ಅವರೆಕಾಳು ಸಾರಿಗೂ ಯಾಕೆ ಅಷ್ಟು ಹೊಂದುತ್ತದೆ ಅಂತ ಬೆಂಗಳೂರಿನಲ್ಲಿ ಹುಟ್ಟಿದ ನನ್ನ ಮಗಳು ಒಮ್ಮೆ ಕೇಳಿದಳು. ಒಂದೇ ಹೊಲದಲ್ಲಿ ಪಕ್ಕಪಕ್ಕ ಬೆಳೆದವು ಕಣೇ, ಅಂದೆ. ಹುಚ್ಚೆಳ್ಳು ಚಟ್ನಿಪುಡಿಯೂ ಅದೇ ಹೊಲದ್ದೇ. ಆ ತಟ್ಟೆಯನ್ನು ಯಾರೂ ಯೋಚಿಸಿ ಜೋಡಿಸಿದ್ದಲ್ಲ. ಹೊಲವೇ ಜೋಡಿಸಿಕೊಟ್ಟದ್ದು.

ನಾಟಿ ಅವರೆಗೆ ಹಗಲು ಚಿಕ್ಕದಾಗಬೇಕು. ಹಗಲಿನ ಬೆಳಕು ಕಡಿಮೆ ಆದಾಗಲೇ ಅದು ಹೂಬಿಡುವುದು. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಬೀದಿ ತುಂಬ ಅವರೆಕಾಯಿ. ಈಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ. ಅವಕ್ಕೆ ಹಗಲು ಚಿಕ್ಕದಾಗುವ ಹಂಗಿಲ್ಲ, ಯಾವ ಕಾಲದಲ್ಲೂ ಕಾಯಿ ಬಿಡುತ್ತವೆ. ರೈತರಿಗೆ ಅದು ಒಳ್ಳೆಯದೇ. ಜೂನ್‌ನಲ್ಲೂ ಅವರೆಕಾಯಿ ಕಂಡರೆ ನಾನೂ ಒಂದೊಂದು ಸಲ ತರುತ್ತೇನೆ. ಆದರೆ ಚಳಿಗಾಲದ ಸೊಗಡು ಅವರೆಯೇ ಬೇರೆ. ಕಾಯಿ ಮುಟ್ಟಿದರೆ ಎಣ್ಣೆ ಎಣ್ಣೆಯಾಗಿ ಬೆರಳಿಗೆ ಅಂಟಬೇಕು. ಸುಲಿದ ಮೇಲೆ ಸೋಪು ಹಾಕಿ ತೊಳೆದರೂ ಕೈಯಲ್ಲಿ ವಾಸನೆ ಉಳಿಯಬೇಕು. ಆ ವಾಸನೆಯೇ ಸೊಗಡು. ಬೆಂಗಳೂರಿನ ಸಜ್ಜನ್ ರಾವ್ ವೃತ್ತದ ಹತ್ತಿರ ಅವರೆಬೇಳೆ ಮೇಳಕ್ಕೆ ಜನ ಮುಗಿಬೀಳುತ್ತಿದ್ದದ್ದೂ ಇದರ ಆಸೆಗೇ.

ಆ ಎರಡು ತಿಂಗಳು ನನ್ನ ಅಡುಗೆಮನೆಯಲ್ಲಿ ಬೇರೆ ಕಾಳಿಗೆ ಕೆಲಸ ಕಡಿಮೆ. ಒಂದು ದಿನ ಅವರೆಕಾಳು, ಬದನೆಕಾಯಿ, ಆಲೂಗಡ್ಡೆ ಹಾಕಿ ಹುಳಿ. ಇನ್ನೊಂದು ದಿನ ಅವರೆಕಾಳು ಉಪ್ಪಿಟ್ಟು. ಸಬ್ಬಸಿಗೆ ಸೊಪ್ಪೂ ಚಳಿಯಲ್ಲೇ ಚೆನ್ನಾಗಿ ಬರುತ್ತದೆ, ಅದನ್ನೂ ಬೆಂದ ಅವರೆಕಾಳನ್ನೂ ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟುತ್ತೇನೆ. ಇಷ್ಟಾದರೂ ಸಾಕು ಅನ್ನಿಸುವುದಿಲ್ಲ.

ಭಾನುವಾರಕ್ಕೆ ಹಿತಕಿದಬೇಳೆ. ಶನಿವಾರ ಸಂಜೆ ಎರಡು ಕೆಜಿ ಕಾಯಿ ಸುಲಿಯುತ್ತೇವೆ. ಸಿಗುವುದು ಒಂದು ಕೆಜಿಗೂ ಕಡಿಮೆ ಕಾಳು. ರಾತ್ರಿ ನೀರಿಗೆ ಹಾಕಿಟ್ಟರೆ ಬೆಳಗ್ಗೆ ಸಿಪ್ಪೆ ಉಬ್ಬಿ ಸಡಿಲವಾಗಿರುತ್ತದೆ. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಇಟ್ಟು ಹಿತುಕಿದರೆ ಬೇಳೆ ಪುಳಕ್ಕನೆ ಹಾರಿ ಬರುತ್ತದೆ. ಮನೆಮಂದಿಯೆಲ್ಲ ಕೂರಬೇಕಾದ ಕೆಲಸ ಇದು. ಒಬ್ಬರೇ ಕೂತರೆ ಬೇಜಾರು, ನಾಲ್ಕು ಜನ ಕೂತರೆ ಮಾತಿನಲ್ಲಿ ಮುಗಿದೇಹೋಗುತ್ತದೆ. ಪುಟ್ಟ ಮಕ್ಕಳಿಗೂ ಬರುವ ಕೆಲಸ. ಹೊರಗೆ ಹಿತುಕಿದ ಬೇಳೆಯನ್ನೇ ಮಾರುತ್ತಾರೆ. ವಯಸ್ಸಾದವರು, ಒಬ್ಬರೇ ಇರುವವರು ಅದನ್ನು ತರುವುದರಲ್ಲಿ ಏನೂ ತಪ್ಪಿಲ್ಲ. ಮೂಸಿ ನೋಡಿ ತನ್ನಿ, ಅಷ್ಟೇ. ಸ್ವಲ್ಪ ಹುಳಿ ವಾಸನೆ ಬಂದರೂ ಬೇಡ.

ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು, ಧನಿಯಾ, ಒಂದು ಚೂರು ಚಕ್ಕೆ, ಎರಡು ಲವಂಗ, ಒಂದು ಚಮಚ ಗಸಗಸೆ, ಖಾರಕ್ಕೆ ಹಸಿಮೆಣಸಿನಕಾಯಿ. ರುಬ್ಬಿ, ಒಗ್ಗರಣೆಯಲ್ಲಿ ಹಸಿವಾಸನೆ ಹೋಗುವವರೆಗೆ ಹುರಿದು, ನೀರು ಹಾಕಿ ಕುದಿ ಬಂದ ಮೇಲೆ ಬೇಳೆ ಹಾಕುತ್ತೇನೆ. ಕುಕ್ಕರ್ ಬೇಡವೇ ಬೇಡ. ತೆರೆದ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಬೇಯುತ್ತದೆ. ಕುಕ್ಕರಿನಲ್ಲಿ ಹಾಕಿದರೆ ಕರಗಿಹೋಗುತ್ತದೆ, ಅಷ್ಟು ಹೊತ್ತು ಹಿತುಕಿದ್ದು ಸುಮ್ನೆ ಆಗುತ್ತದೆ.

ಸಿಪ್ಪೆ ಇರುವ ಕಾಳಿಗೆ ಮಾತ್ರ ಒಂದು ಎಚ್ಚರಿಕೆ. ಮದುವೆಯಾದ ಹೊಸದರಲ್ಲಿ ನಾನು ಹುಣಸೆಹುಳಿಯನ್ನು ಮೊದಲೇ ಹಾಕಿಬಿಟ್ಟಿದ್ದೆ. ಎಷ್ಟು ಹೊತ್ತು ಬೇಯಿಸಿದರೂ ಕಾಳು ಗಟ್ಟಿಯಾಗೇ ಉಳಿಯಿತು. ಅವ್ವನಿಗೆ ಫೋನ್ ಮಾಡಿದೆ. "ಹುಳಿ ಬಿದ್ದ ಮೇಲೆ ಕಾಳು ಬೇಯಲ್ಲ ಕಣವ್ವ, ಬೆಂದ ಮೇಲೆ ಹಾಕು" ಅಂದಳು. ಯಾವ ಕಾಳಿಗೂ ಇದೇ ಮಾತು. ಹುಳಿ ಕಾಳಿನ ಸಿಪ್ಪೆಯನ್ನು ಮೆತ್ತಗಾಗಲು ಬಿಡುವುದಿಲ್ಲ.

ಅವರೆ ಮುಗಿದ ಮೇಲೆ ಏನು? ಆಗಲೇ ಬಸ್ಸಾರು ಕೈಹಿಡಿಯುವುದು. ನನ್ನನ್ನು ಕೇಳಿದರೆ, ಒಂದೇ ಒಂದು ಅಡುಗೆ ಕಲಿಯಬೇಕು ಅನ್ನುವವರು ಇದನ್ನು ಕಲಿಯಬೇಕು. ಒಂದೇ ಪಾತ್ರೆಯಿಂದ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ.

ನಾಲ್ಕು ಜನಕ್ಕೆ ಒಂದು ಲೋಟ ಕಾಳು, ಎರಡು ಕಟ್ಟು ಸೊಪ್ಪು. ಹೆಸರುಕಾಳು, ಅಲಸಂದೆ, ತೊಗರಿಬೇಳೆ, ಯಾವುದಾದರೂ ಆದೀತು. ಸೊಪ್ಪೂ ಅಷ್ಟೇ, ದಂಟು, ಹರಿವೆ, ಸಬ್ಬಸಿಗೆ, ಆ ದಿನ ಯಾವುದು ಎಳೆಯದಾಗಿದೆಯೋ ಅದು. ಸೊಪ್ಪು ಸಿಗದಿದ್ದರೆ ಹುರುಳಿಕಾಯಿ, ಎಲೆಕೋಸು. ಕಾಳನ್ನು ಜಾಸ್ತಿ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಆಮೇಲೆ ಸೊಪ್ಪು, ಉಪ್ಪು ಹಾಕಿ. ಕಾಳು ಮೆತ್ತಗಾಗಬೇಕು, ಒಡೆಯಬಾರದು. ನೀರು ಬಸಿದುಕೊಳ್ಳಿ. ಆ ನೀರನ್ನು ನಾವು ಕಟ್ಟು ಅನ್ನುತ್ತೇವೆ. ಸಾರಿನ ಜೀವ ಇರುವುದು ಅದರಲ್ಲೇ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸನ್ನು ಬಾಣಲೆಯಲ್ಲಿ ಕೆಂಪಗೆ ಹುರಿದು, ತೆಂಗಿನಕಾಯಿ, ಸಾರಿನ ಪುಡಿ, ಹುಣಸೆಹಣ್ಣಿನ ಜೊತೆ ರುಬ್ಬಿ. ರುಬ್ಬುವಾಗ ಬೆಂದ ಕಾಳು ಸೊಪ್ಪಿನಲ್ಲಿ ಒಂದು ಹಿಡಿ ಸೇರಿಸಿ. ಇದನ್ನು ಮರೆತರೆ ಸಾರು ನೀರುನೀರಾಗುತ್ತದೆ. ಕಟ್ಟಿಗೆ ಈ ಮಸಾಲೆ ಕಲಸಿ ಕುದಿಸಿ. ಉಳಿದ ಕಾಳುಸೊಪ್ಪಿಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ.

ಅದೇ ಕಟ್ಟಿಗೆ ಮಸಾಲೆ ಹಾಕದೆ, ಪಕ್ಕದಲ್ಲಿ ಖಾರ ರುಬ್ಬಿಟ್ಟು ಬೇಕಾದಷ್ಟು ಕಲಸಿಕೊಂಡರೆ ಉಪ್ಪೆಸರು. ಮಂಡ್ಯದವರು ಇದನ್ನು ಮಾಡುವ ಹದ ನನಗೆ ಇನ್ನೂ ಬಂದಿಲ್ಲ. ಬಸಿಯದೆ, ಬೇಳೆ ಸೊಪ್ಪು ಎಲ್ಲ ಒಟ್ಟಿಗೆ ಮಸೆದುಬಿಟ್ಟರೆ ಮಸ್ಸೊಪ್ಪು. ನೋಡಿ, ಕೈ ಒಂದೇ, ತಿರುವು ಬೇರೆ.

ಬೇಸಿಗೆಯಲ್ಲಿ ಒಲೆಯ ಮುಂದೆ ಜಾಸ್ತಿ ಹೊತ್ತು ನಿಲ್ಲಲಾಗುವುದಿಲ್ಲ. ಮಾವಿನಕಾಯಿ ಚಿತ್ರಾನ್ನ, ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಅಷ್ಟರಲ್ಲಿ ಊಟ ಮುಗಿಯುತ್ತದೆ. ಯುಗಾದಿಯ ಒಬ್ಬಟ್ಟಿನ ದಿನವೂ ಬೇಳೆ ಬಸಿದ ನೀರನ್ನು ಚೆಲ್ಲುವವರಿಲ್ಲ. ಅದೇ ಒಬ್ಬಟ್ಟಿನ ಸಾರು, ಮಾರನೆಯ ದಿನಕ್ಕೆ ಇನ್ನೂ ರುಚಿ.

ಮಳೆ ಬಿದ್ದ ಮೇಲೆ ಬೆರಕೆಸೊಪ್ಪಿನ ಕಾಲ. ಅಣ್ಣೆ, ಗೋಣಿ, ಹೊನಗನ್ನೆ, ಕನ್ನೆ, ಹೀಗೆ ಯಾರೂ ಬಿತ್ತದೆ ಹೊಲದ ಬದುವಿನಲ್ಲಿ ಬರುವ ಸೊಪ್ಪುಗಳು. ಅಜ್ಜಿ ಸೀರೆಯ ಮಡಿಲು ಕಟ್ಟಿಕೊಂಡು ಹೋಗಿ, ಬರುವಾಗ ಮಡಿಲು ತುಂಬಿಕೊಂಡು ಬರುತ್ತಿದ್ದಳು. ಯಾವುದು ತಿನ್ನುವುದು, ಯಾವುದು ತಿನ್ನಬಾರದು ಅಂತ ಅವಳ ಬೆರಳಿಗೇ ಗೊತ್ತಿತ್ತು. ನನಗೆ ಅದರಲ್ಲಿ ಐದಾರರ ಗುರುತು ಮಾತ್ರ ಉಳಿದಿದೆ. ಕೇಳಿ ತಿಳಿದುಕೊಳ್ಳಬೇಕಾದ ಕಾಲದಲ್ಲಿ ಕೇಳಲಿಲ್ಲ, ಆ ನೋವು ನನಗಿದೆ. ನಿಮ್ಮ ಮನೆಯಲ್ಲಿ ಗೊತ್ತಿರುವವರು ಯಾರಾದರೂ ಇದ್ದರೆ ಈ ಮಳೆಗಾಲದಲ್ಲೇ ಅವರ ಜೊತೆ ಹೊಲಕ್ಕೆ ಹೋಗಿ. ಗುರುತು ಖಚಿತ ಇಲ್ಲದ ಸೊಪ್ಪು ಕೀಳಬೇಡಿ.

ಮಲೆನಾಡಿನ ಗೆಳತಿಯ ಮನೆಯಲ್ಲಿ ಇದೇ ಮಳೆಗಾಲ ಅಂದರೆ ಕಳಲೆ. ಎಳೆ ಬಿದಿರನ್ನು ಹೆಚ್ಚಿ, ದಿನಾ ನೀರು ಬದಲಾಯಿಸುತ್ತ ಮೂರು ದಿನ ನೆನೆಹಾಕುತ್ತಾರೆ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ, ಅದು ನೀರಿಗೆ ಇಳಿಯಬೇಕು. ಅವಳ ಅತ್ತೆ ಬೇಸಿಗೆಯಲ್ಲೇ ಹಲಸಿನ ಬೀಜಕ್ಕೆ ಮಣ್ಣು ಮೆತ್ತಿ ಒಣಗಿಸಿ ಮಳೆಗಾಲಕ್ಕೆ ಎತ್ತಿಡುತ್ತಿದ್ದರಂತೆ. ಅವಳೂ ಏನು ಅಡುಗೆ ಅಂತ ಯೋಚನೆ ಮಾಡುವುದಿಲ್ಲ.

"ಇದೆಲ್ಲ ಫ್ರೀಜರ್‌ನಲ್ಲಿ ಇಟ್ಟರೆ ಆಯ್ತಲ್ವಾ?" ಅಂತಲೂ ಕೇಳುತ್ತಾರೆ. ಇಟ್ಟು ನೋಡಿದ್ದೇನೆ. ಜನವರಿಯ ಹಿತಕಿದಬೇಳೆಯನ್ನು ಜುಲೈನಲ್ಲಿ ತೆಗೆದೆ. ಬೆಂದಿತು, ಹೊಟ್ಟೆಯೂ ತುಂಬಿತು. ಸೊಗಡು ಮಾತ್ರ ಇರಲಿಲ್ಲ. ಆಮೇಲಿಂದ ಇಡುವುದನ್ನು ಬಿಟ್ಟೆ. ಹತ್ತು ತಿಂಗಳು ಆ ಸೊಗಡು ಸಿಗದೆ ಇದ್ದರೇನೇ ಚಳಿಗಾಲದ ಮೊದಲ ಕಾಯಿ ಕಂಡ ದಿನ ಗಾಡಿಯ ಹತ್ತಿರ ಓಡಿಹೋಗುವ ಖುಷಿ.

ಸಮಯದ ವಿಷಯ. ಹಿತಕಿದಬೇಳೆಗೆ ಸಮಯ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಬಸ್ಸಾರಿಗೆ ಹಿಂದಿನ ರಾತ್ರಿ ಕಾಳು ನೆನೆಹಾಕಿದ್ದರೆ ಮುಕ್ಕಾಲು ಗಂಟೆ ಸಾಕು. ಮುದ್ದೆಗೆ ಕಾಲು ಗಂಟೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಕಲಕದೆ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬಿಡಿ. ಆಮೇಲೆ ಕೋಲು ಹಾಕಿ ಗಟ್ಟಿಯಾಗಿ ತಿರುವಿ. ಅವಸರ ಮಾಡಿ ಮೊದಲೇ ಕೈ ಹಾಕಿದವರಿಗೆ ಗಂಟು.

ಮೊದಲು ಈ ಪ್ರಶ್ನೆ ಕೇಳಿದವಳು ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ. ಅವಳಿಗೆ ಇದೆಲ್ಲವನ್ನೂ ಊಟದ ಹೊತ್ತಿನಲ್ಲಿ ಹೇಳಿದ್ದೆ. ಒಂದು ವಾರದ ಮೇಲೆ ರಾತ್ರಿ ಫೋನ್ ಮಾಡಿದಳು. "ಅಕ್ಕ, ಬಸಿದ ನೀರನ್ನು ಮರೆತು ಸಿಂಕಿಗೆ ಚೆಲ್ಲಿಬಿಟ್ಟೆ." ದನಿ ಅಳುವ ಹಾಗಿತ್ತು. ಪಲ್ಯ ಇದೆಯಲ್ಲ, ಇವತ್ತು ಮೊಸರನ್ನದ ಜೊತೆ ತಿನ್ನು ಅಂದೆ. ಮೊನ್ನೆ ಮತ್ತೆ ಫೋನ್ ಬಂತು, ಈ ಸಲ ತಳ್ಳುಗಾಡಿಯ ಮುಂದೆ ನಿಂತುಕೊಂಡು.

"ಅಕ್ಕ, ದಂಟೂ ಇದೆ, ಹರಿವೆನೂ ಇದೆ. ಯಾವುದು ತಗೊಳ್ಳಲಿ?"

"ಯಾವುದು ರಾಶಿ ದೊಡ್ಡದಿದೆ?"

"ದಂಟು."

"ಎರಡು ಕಟ್ಟು ತಗೋ. ಮನೆಗೆ ಹೋಗಿ ಮೊದಲು ಕಾಳು ಬೇಯಕ್ಕೆ ಇಡು."