ಕೇಳಿದವರಿಗೆ ತಡೆ, ಕೇಳದವರಿಗೆ ದಾರಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅಲಮೀಡಾ ನಗರದ ದಡದಲ್ಲಿ ಹಾರ್ನೆಟ್ ಎಂಬ ಹಳೆಯ ವಿಮಾನವಾಹಕ ಯುದ್ಧನೌಕೆ ಈಗ ವಸ್ತುಸಂಗ್ರಹಾಲಯವಾಗಿ ನಿಂತಿದೆ. 2024ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಮೇಲಟ್ಟದಲ್ಲಿ ಯಂತ್ರವೊಂದನ್ನಿಟ್ಟು, ಉಪ್ಪುನೀರನ್ನು ಅತಿ ಸೂಕ್ಷ್ಮ ಹನಿಗಳನ್ನಾಗಿ ಒಡೆದು ಗಾಳಿಗೆ ಚಿಮ್ಮಿಸತೊಡಗಿದರು. ಸಮುದ್ರದ ಮೇಲಿನ ತಗ್ಗು ಮೋಡಗಳೊಳಗೆ ಇಂತಹ ಉಪ್ಪಿನ ಕಣಗಳನ್ನು ಸೇರಿಸಿದರೆ ಮೋಡಗಳು ಇನ್ನಷ್ಟು ಬೆಳ್ಳಗಾಗಿ ಹೆಚ್ಚು ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸಬಹುದು ಎಂಬುದು ಇದರ ಹಿಂದಿನ ಆಲೋಚನೆ. ಆದರೆ ಆ ದಿನಗಳಲ್ಲಿ ಅಲ್ಲಿ ಯಾವ ಮೋಡವನ್ನೂ ಮುಟ್ಟಲಿಲ್ಲ. ಯಂತ್ರದಿಂದ ಹೊರಬಂದ ಹನಿಗಳು ಗಾಳಿಯಲ್ಲಿ ಸಾಗುವಾಗ ತಮ್ಮ ಗಾತ್ರವನ್ನು ಉಳಿಸಿಕೊಳ್ಳುತ್ತವೆಯೇ ಎಂದು ಅಳೆಯುವುದಷ್ಟೇ ಉದ್ದೇಶವಾಗಿತ್ತು.

ನಗರಾಡಳಿತಕ್ಕೆ ಈ ವಿಷಯ ಸರಿಯಾಗಿ ತಿಳಿದದ್ದು ಪ್ರಯೋಗ ಆರಂಭವಾಗಿ ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ. ಮೇ ತಿಂಗಳಲ್ಲಿ ಕೆಲಸ ನಿಲ್ಲಿಸುವಂತೆ ಸೂಚನೆ ಹೋಯಿತು. ನಗರವೇ ನೇಮಿಸಿದ ತಜ್ಞರು ಪರಿಶೀಲಿಸಿ, ಇದರಿಂದ ಜನರ ಆರೋಗ್ಯಕ್ಕಾಗಲಿ ಸುತ್ತಲಿನ ಜೀವಿಗಳಿಗಾಗಲಿ ಗಣನೀಯ ಅಪಾಯವಿಲ್ಲವೆಂದು ವರದಿ ಕೊಟ್ಟರು. ಅದನ್ನು ಕೈಯಲ್ಲಿಟ್ಟುಕೊಂಡೇ ಜೂನ್‌ನಲ್ಲಿ ನಗರಸಭೆ ಒಮ್ಮತದಿಂದ ಅನುಮತಿ ನಿರಾಕರಿಸಿತು.

ಜನರಿಗೆ ವಿಜ್ಞಾನ ಅರ್ಥವಾಗುವುದಿಲ್ಲ, ಉಪ್ಪುನೀರಿಗೂ ಹೆದರುತ್ತಾರೆ ಎಂದು ಈ ಪ್ರಕರಣವನ್ನು ವ್ಯಾಖ್ಯಾನಿಸಿದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಗರಸಭೆಯ ಸದಸ್ಯರು ಉಪ್ಪಿನ ರಸಾಯನಶಾಸ್ತ್ರವನ್ನು ತಪ್ಪಾಗಿ ತಿಳಿದುಕೊಂಡಿರಲಿಲ್ಲ. ತಮ್ಮ ಊರಿನ ಗಾಳಿಯಲ್ಲಿ ಏನು ನಡೆಯಬೇಕೆಂಬುದನ್ನು ಬೇರೆಯವರು ತೀರ್ಮಾನಿಸಿ, ಕೆಲಸ ಶುರುವಾದ ಮೇಲೆ ತಮಗೆ ತಿಳಿಸಿದ್ದಕ್ಕೆ ಅವರು ಉತ್ತರ ಕೊಟ್ಟರು. ಹವಾಮಾನ ಇಂಜಿನಿಯರಿಂಗ್‌ನ ಇಡೀ ಆಡಳಿತ ಸಮಸ್ಯೆ ಈ ಸಣ್ಣ ಘಟನೆಯೊಳಗೆ ಅಡಗಿದೆ.

ಹವಾಮಾನ ಇಂಜಿನಿಯರಿಂಗ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ವಾತಾವರಣದಲ್ಲಿ ಈಗಾಗಲೇ ಸೇರಿರುವ ಇಂಗಾಲದ ಡೈಆಕ್ಸೈಡನ್ನು ಹೊರತೆಗೆಯುವುದು ಒಂದು. ಇದು ನಿಧಾನ, ದುಬಾರಿ, ಆದರೆ ರೋಗದ ಮೂಲಕ್ಕೆ ಕೈಹಾಕುವಂಥದ್ದು. ಭೂಮಿಗೆ ಬರುವ ಬಿಸಿಲಿನ ಒಂದು ಸಣ್ಣ ಪಾಲನ್ನು ಬಾಹ್ಯಾಕಾಶಕ್ಕೆ ಹಿಂತಿರುಗಿಸುವುದು ಇನ್ನೊಂದು. ಜಗಳವೆಲ್ಲ ಹೆಚ್ಚಾಗಿ ಈ ಎರಡನೆಯದರ ಸುತ್ತ. ಇದು ಕಟ್ಟುಕಥೆಯಲ್ಲ ಎಂಬುದನ್ನು ಪ್ರಕೃತಿಯೇ ತೋರಿಸಿಕೊಟ್ಟಿದೆ: 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಸುಮಾರು 1.5ರಿಂದ 2 ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ವಾತಾವರಣದ ಮೇಲಿನ ಪದರವಾದ ಸಮೋಷ್ಣ ಮಂಡಲಕ್ಕೆ ಎಸೆದಾಗ, ಅದರಿಂದ ಹುಟ್ಟಿದ ಸಲ್ಫೇಟ್ ಕಣಗಳ ತೆರೆ ಮರುವರ್ಷದ ಜಾಗತಿಕ ಸರಾಸರಿ ತಾಪಮಾನವನ್ನು ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಸಿತು. ವಿಮಾನಗಳಿಂದ ಇದೇ ಕೆಲಸ ಮಾಡಬಹುದೆಂದು ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬುಡಿಕೊ 1970ರ ದಶಕದಲ್ಲೇ ಹೇಳಿದ್ದರು. ಓಝೋನ್ ಸಂಶೋಧನೆಗಾಗಿ ನೊಬೆಲ್ ಪಡೆದ ಪಾಲ್ ಕ್ರುಟ್ಜೆನ್ 2006ರಲ್ಲಿ ಇದನ್ನು ಗಂಭೀರವಾಗಿ ಅಧ್ಯಯನ ಮಾಡಬೇಕೆಂದು ಬರೆದ ಮೇಲೆ, ಅಲ್ಲಿಯವರೆಗೆ ವಿಜ್ಞಾನಿಗಳು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಿದ್ದ ವಿಷಯ ಬಹಿರಂಗ ಚರ್ಚೆಗೆ ಬಂತು.

ಇದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವುದು ಇದರ ಅಗ್ಗದ ಬೆಲೆ. ಮೊದಲ 15 ವರ್ಷಗಳಿಗೆ ವರ್ಷಕ್ಕೆ ಸರಾಸರಿ 200 ಕೋಟಿ ಡಾಲರ್‌ಗಿಂತ ಸ್ವಲ್ಪ ಹೆಚ್ಚು ಸಾಕು ಎಂಬುದು 2018ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ. ಹೊಗೆ ಕಡಿಮೆ ಮಾಡುವ ವಿಷಯದಲ್ಲಿ ಪ್ರತಿ ದೇಶವೂ ಇನ್ನೊಂದರ ಮುಖ ನೋಡುತ್ತಾ ಕೂರುತ್ತದೆ. ಇಲ್ಲಿ ಹಾಗಿಲ್ಲ, ಎಲ್ಲರೂ ಒಪ್ಪುವವರೆಗೆ ಕಾಯಬೇಕಾದ ಅಗತ್ಯವೇ ಇಲ್ಲ. ಮಧ್ಯಮ ಗಾತ್ರದ ಯಾವುದೇ ಆರ್ಥಿಕತೆ ಒಬ್ಬಂಟಿಯಾಗಿ ಆರಂಭಿಸಬಹುದು, ಪರಿಣಾಮ ಮಾತ್ರ ಎಲ್ಲರ ತಲೆಯ ಮೇಲೆ. ಆ ಪರಿಣಾಮ ಎಲ್ಲೆಡೆ ಒಂದೇ ತೆರನಾಗಿ ಹಂಚಿಕೆಯಾಗುವುದೂ ಇಲ್ಲ. 20ನೇ ಶತಮಾನದಲ್ಲಿ ಆಫ್ರಿಕಾದ ಸಾಹೆಲ್ ಪ್ರದೇಶ ಕಂಡ ನಾಲ್ಕು ಅತ್ಯಂತ ಒಣ ಬೇಸಿಗೆಗಳಲ್ಲಿ ಮೂರಕ್ಕೆ ಮುಂಚೆ ಉತ್ತರ ಗೋಳಾರ್ಧದಲ್ಲಿ ದೊಡ್ಡ ಜ್ವಾಲಾಮುಖಿ ಸ್ಫೋಟಗಳಾಗಿದ್ದವು ಎಂದು 2013ರ ಅಧ್ಯಯನವೊಂದು ತೋರಿಸಿತು. ಅಂದರೆ ಕಣಗಳನ್ನು ಒಂದು ಗೋಳಾರ್ಧದಲ್ಲಿ ಮಾತ್ರ ಹರಡಿದರೆ ಮಳೆಯ ಪಟ್ಟಿಯೇ ಇನ್ನೊಂದು ಕಡೆಗೆ ಸರಿಯಬಹುದು. ಇದರ ಮೇಲೆ, ದಶಕಗಳ ಕಾಲ ಹರಡುತ್ತಾ ಬಂದು, ಅಷ್ಟರಲ್ಲಿ ಇಂಗಾಲ ಹೊರಸೂಸುವುದನ್ನೂ ನಿಲ್ಲಿಸದೆ, ಯುದ್ಧದಿಂದಲೋ ಆರ್ಥಿಕ ಕುಸಿತದಿಂದಲೋ ಹಠಾತ್ತಾಗಿ ಕೈಬಿಟ್ಟರೆ, ಅಷ್ಟು ವರ್ಷ ಮರೆಯಲ್ಲಿದ್ದ ಬಿಸಿ ಕೆಲವೇ ವರ್ಷಗಳಲ್ಲಿ ಮೇಲೆ ಬರುತ್ತದೆ. ಯಾವ ಸರ್ಕಾರವೂ ಅಷ್ಟು ದೀರ್ಘಕಾಲದ ಮಾತು ಕೊಟ್ಟು ಉಳಿಸಿಕೊಂಡ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಇಷ್ಟು ದೊಡ್ಡ ವಿಷಯಕ್ಕೆ ಇರುವ ಅಂತಾರಾಷ್ಟ್ರೀಯ ಕಾನೂನಾದರೂ ಏನು? ವಿಯೆಟ್ನಾಂ ಯುದ್ಧದಲ್ಲಿ 1967ರಿಂದ 1972ರವರೆಗೆ ಶತ್ರುಗಳ ಸಾಗಾಟದ ದಾರಿ ಕೆಸರಾಗಲೆಂದು ಅಮೆರಿಕ ಮೋಡ ಬಿತ್ತನೆ ನಡೆಸಿದ್ದು ಬಯಲಾದ ನಂತರ, ಪರಿಸರವನ್ನು ಬದಲಿಸುವ ತಂತ್ರಗಳನ್ನು ಆಯುಧವಾಗಿ ಬಳಸಬಾರದೆಂಬ ಒಪ್ಪಂದ ರೂಪುಗೊಂಡು 1978ರಲ್ಲಿ ಜಾರಿಗೆ ಬಂತು. ಆದರೆ ಶಾಂತಿಯುತ ಉದ್ದೇಶದ ಬಳಕೆಗೆ ಅದು ಅಡ್ಡಿಯಲ್ಲವೆಂದು ಅದರಲ್ಲೇ ಬರೆದಿದೆ. ಜೀವವೈವಿಧ್ಯ ಒಡಂಬಡಿಕೆಯ ಸದಸ್ಯ ದೇಶಗಳು 2010ರಲ್ಲಿ ಜಪಾನಿನ ನಗೋಯಾದಲ್ಲಿ, ಸಾಕಷ್ಟು ವೈಜ್ಞಾನಿಕ ಆಧಾರ ಸಿಗುವವರೆಗೆ ಜೀವವೈವಿಧ್ಯಕ್ಕೆ ಧಕ್ಕೆ ತರಬಹುದಾದ ಹವಾಮಾನ ಇಂಜಿನಿಯರಿಂಗ್ ನಡೆಯಬಾರದೆಂದು ತೀರ್ಮಾನಿಸಿದವು. ನಿಯಂತ್ರಿತ ಸಣ್ಣ ಪ್ರಯೋಗಗಳಿಗೆ ವಿನಾಯಿತಿ ಕೊಟ್ಟವು. ಆ ತೀರ್ಮಾನ ಕಾನೂನಿನಂತೆ ಕಟ್ಟಿಹಾಕುವಂಥದ್ದಲ್ಲ, ಅಮೆರಿಕ ಆ ಒಡಂಬಡಿಕೆಯ ಸದಸ್ಯನೂ ಅಲ್ಲ. ಸಮುದ್ರಕ್ಕೆ ತ್ಯಾಜ್ಯ ಸುರಿಯುವುದನ್ನು ತಡೆಯುವ ಲಂಡನ್ ಪ್ರೋಟೊಕಾಲ್‌ಗೆ, ಸಮುದ್ರದಲ್ಲಿ ನಡೆಯುವ ಹವಾಮಾನ ಇಂಜಿನಿಯರಿಂಗನ್ನು ನಿಯಂತ್ರಿಸಲೆಂದು 2013ರಲ್ಲಿ ತಂದ ತಿದ್ದುಪಡಿ ಇವೆಲ್ಲಕ್ಕಿಂತ ಗಟ್ಟಿಯಾದುದು. ಅದು ಜಾರಿಯಾಗಲು ಮೂರನೇ ಎರಡರಷ್ಟು ಸದಸ್ಯರು ಅಂಗೀಕರಿಸಬೇಕು, ಅಂಗೀಕರಿಸಿದವರು ಬೆರಳೆಣಿಕೆಯಷ್ಟು. ಪ್ಯಾರಿಸ್ ಒಪ್ಪಂದದಲ್ಲಿ ಬಿಸಿಲನ್ನು ತಡೆಯುವ ವಿಷಯದ ಪ್ರಸ್ತಾಪವೇ ಇಲ್ಲ.

ಕಾಗದದ ಮೇಲಿನ ಇಂತಹ ನಿಯಮಗಳು ನಡುಗಡಲಿನಲ್ಲಿ ಹೇಗೆ ವರ್ತಿಸುತ್ತವೆ ಎಂಬುದಕ್ಕೆ ಲೋಹಾಫೆಕ್ಸ್ ಒಳ್ಳೆಯ ಉದಾಹರಣೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ, ದಕ್ಷಿಣ ಮಹಾಸಾಗರದಲ್ಲಿ ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣದ ಸಲ್ಫೇಟ್ ಬೆರೆಸಿ, ಅದರಿಂದ ಹುಲುಸಾಗಿ ಬೆಳೆಯುವ ಪಾಚಿ ಇಂಗಾಲವನ್ನು ಹೀರಿಕೊಂಡು ತಳಕ್ಕೆ ಇಳಿಯುತ್ತದೆಯೇ ಎಂದು ನೋಡಲು ಹೊರಟವು. 2009ರ ಜನವರಿಯಲ್ಲಿ ಪೋಲಾರ್‌ಸ್ಟರ್ನ್ ಹಡಗು ಕೇಪ್‌ಟೌನ್‌ನಿಂದ ಹೊರಟು ಸಮುದ್ರದ ಮಧ್ಯೆ ಇದ್ದಾಗಲೇ ಪರಿಸರ ಸಂಘಟನೆಗಳು ಆಕ್ಷೇಪಿಸಿದವು. ಹಿಂದಿನ ವರ್ಷವಷ್ಟೇ ಜೀವವೈವಿಧ್ಯ ಒಡಂಬಡಿಕೆಯ ಸದಸ್ಯರು, ಕರಾವಳಿಯ ಸಣ್ಣ ಪ್ರಯೋಗಗಳ ಹೊರತಾಗಿ ಸಮುದ್ರಕ್ಕೆ ಕಬ್ಬಿಣ ಹಾಕುವುದು ಬೇಡವೆಂದಿದ್ದರು. ಅದೇ ವರ್ಷ ಲಂಡನ್ ಒಪ್ಪಂದ ಮತ್ತು ಪ್ರೋಟೊಕಾಲ್‌ನ ಸದಸ್ಯರು ನೈಜ ವೈಜ್ಞಾನಿಕ ಸಂಶೋಧನೆಯಾದರೆ ಆಗಬಹುದೆಂದಿದ್ದರು. ಜರ್ಮನಿಯ ಪರಿಸರ ಸಚಿವಾಲಯ ಒಂದು ಮಾತು ಹಿಡಿದು ತಡೆಯಲು ನೋಡಿತು, ಸಂಶೋಧನಾ ಸಚಿವಾಲಯ ಇನ್ನೊಂದನ್ನು ಹಿಡಿದು, ಸ್ವತಂತ್ರ ಪರಿಶೀಲನೆಗಳನ್ನು ತರಿಸಿಕೊಂಡು, ಆ ತಿಂಗಳ ಕೊನೆಗೆ ಹಸಿರು ನಿಶಾನೆ ತೋರಿಸಿತು. ಅಷ್ಟೂ ದಿನ ವಿಜ್ಞಾನಿಗಳು ಕಬ್ಬಿಣವನ್ನು ಹಡಗಿನಲ್ಲೇ ಇಟ್ಟುಕೊಂಡು ಆದೇಶಕ್ಕಾಗಿ ಕಾದರು. ಕೊನೆಗೆ ಪಾಚಿ ಬೆಳೆದದ್ದು ನಿಜ; ಆದರೆ ಅಲ್ಲಿನ ನೀರಿನಲ್ಲಿ ಸಿಲಿಕಾನ್ ಸಾಲದೆ ಡಯಾಟಮ್ ಎಂಬ ಗಟ್ಟಿ ಕವಚದ ಪಾಚಿ ಬೆಳೆಯಲಿಲ್ಲ, ಬೆಳೆದ ಮೆತ್ತನೆಯ ಪಾಚಿಯನ್ನು ಕೋಪೆಪಾಡ್ ಎಂಬ ಸಣ್ಣ ಜೀವಿಗಳು ಮೇಯ್ದುಬಿಟ್ಟವು, ತಳಕ್ಕೆ ಇಳಿದ ಇಂಗಾಲ ಅತ್ಯಲ್ಪ. ಸಮುದ್ರಕ್ಕೆ ಕಬ್ಬಿಣ ಸುರಿದು, ಹೀರಿಸಿದ ಇಂಗಾಲದ ಲೆಕ್ಕದಲ್ಲಿ ಹಣ ಗಳಿಸುವ ಕನಸು ಕಾಣುತ್ತಿದ್ದವರ ಉತ್ಸಾಹಕ್ಕೆ ಈ ಫಲಿತಾಂಶ ಹಾಕಿದಷ್ಟು ಕಡಿವಾಣವನ್ನು ಯಾವ ನಿಷೇಧವೂ ಹಾಕಿರಲಾರದು. ಸಂಶೋಧನೆಯನ್ನೇ ನಿಲ್ಲಿಸಿ ಎನ್ನುವವರ ಜೊತೆ ನಾನು ಪೂರ್ತಿ ನಿಲ್ಲದಿರುವುದಕ್ಕೆ ಇದೊಂದು ಕಾರಣ.

ಮೂರು ವರ್ಷಗಳ ನಂತರ, 2012ರಲ್ಲಿ, ಕೆನಡಾದ ಪಶ್ಚಿಮ ಕರಾವಳಿಯ ಹೈಡಾ ಗ್ವಾಯಿ ದ್ವೀಪಗಳ ಆಚೆ ಒಂದು ಕಂಪನಿ ಸಾಲ್ಮನ್ ಮೀನು ಹೆಚ್ಚಿಸುವ ಹೆಸರಿನಲ್ಲಿ ಸುಮಾರು 100 ಟನ್ ಕಬ್ಬಿಣಯುಕ್ತ ಪುಡಿಯನ್ನು ಸಮುದ್ರಕ್ಕೆ ಸುರಿಯಿತು. ಜಗತ್ತಿಗೆ ತಿಳಿದದ್ದು ತಿಂಗಳುಗಳ ನಂತರ. ಯಾವ ಹಡಗೂ ಆದೇಶಕ್ಕಾಗಿ ಕಾಯಲಿಲ್ಲ.

ಆಕಾಶದ ವಿಷಯದಲ್ಲೂ ಇದೇ ಕಥೆ. ಹಾರ್ವರ್ಡ್‌ನ ಸ್ಕೋಪೆಕ್ಸ್ ತಂಡ ಎರಡು ಕಿಲೋಗಿಂತ ಕಡಿಮೆ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬಲೂನಿನಿಂದ ಬಿಟ್ಟು ಕಣಗಳ ವರ್ತನೆಯನ್ನು ಅಳೆಯಲು ವರ್ಷಗಟ್ಟಲೆ ಸಿದ್ಧತೆ ನಡೆಸಿತು, ಸಲಹಾ ಸಮಿತಿಯನ್ನೂ ಹೊಂದಿತ್ತು. 2021ರಲ್ಲಿ ಸ್ವೀಡನ್ನಿನ ಕಿರುನಾದಿಂದ ಬರಿಯ ಉಪಕರಣಗಳನ್ನು ಪರೀಕ್ಷಿಸುವ, ಒಂದು ಕಣವನ್ನೂ ಬಿಡದ ಹಾರಾಟಕ್ಕೆ ಸಜ್ಜಾದಾಗ, ಆ ನೆಲದ ಮೂಲನಿವಾಸಿಗಳಾದ ಸಾಮಿ ಜನರ ಮಂಡಳಿ ತಮ್ಮನ್ನು ಯಾರೂ ಕೇಳಲಿಲ್ಲವೆಂದು ಪತ್ರ ಬರೆಯಿತು. ಹಾರಾಟ ರದ್ದಾಯಿತು, 2024ರಲ್ಲಿ ಯೋಜನೆಯೇ ಮುಚ್ಚಿತು. ಈ ನಡುವೆ, 2022ರಲ್ಲಿ, ಮೇಕ್ ಸನ್‌ಸೆಟ್ಸ್ ಎಂಬ ಅಮೆರಿಕದ ನವೋದ್ಯಮವೊಂದರ ಸ್ಥಾಪಕ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಯಾರ ಅನುಮತಿಯನ್ನೂ ಕೇಳದೆ ಸಲ್ಫರ್ ಡೈಆಕ್ಸೈಡ್ ತುಂಬಿದ ಬಲೂನುಗಳನ್ನು ಹಾರಿಸಿದರು; ಕಂಪನಿ ಗ್ರಾಮ್‌ಗೆ 10 ಡಾಲರ್‌ನಂತೆ ‘ತಂಪಿನ ಕ್ರೆಡಿಟ್’, ಅಂದರೆ ಭೂಮಿಯನ್ನು ತಂಪಾಗಿಸಿದ್ದಕ್ಕೆ ಹಣ ಕೊಟ್ಟವರ ಹೆಸರಿನ ಲೆಕ್ಕ, ಮಾರಲು ಮುಂದಾಯಿತು. 2023ರ ಜನವರಿಯಲ್ಲಿ ಮೆಕ್ಸಿಕೊ ಇಂತಹ ಪ್ರಯೋಗಗಳನ್ನು ನಿಷೇಧಿಸುವುದಾಗಿ ಘೋಷಿಸಿತು. ಕಂಪನಿ ಅಮೆರಿಕದೊಳಗೆ ಬಲೂನು ಹಾರಿಸುವುದನ್ನು ಮುಂದುವರಿಸಿತು. ಸಾಮಿ ಮಂಡಳಿಯ ನಿರಾಕರಣೆ ನ್ಯಾಯವಾದುದೆಂದೇ ನನ್ನ ಭಾವನೆ. ಆದರೆ ಕೇಳಲು ಬರುವವರನ್ನು ಮಾತ್ರ ತಡೆಯಬಲ್ಲ, ಕೇಳದವರ ಕೂದಲೂ ಕೊಂಕಿಸಲಾಗದ ವ್ಯವಸ್ಥೆಯಲ್ಲಿ, ಕಾಲಕ್ರಮೇಣ ಈ ಕ್ಷೇತ್ರದಲ್ಲಿ ಯಾರು ಉಳಿಯುತ್ತಾರೆಂದು ಊಹಿಸುವುದು ಕಷ್ಟವಲ್ಲ.

ದೇಶಗಳು ಒಟ್ಟಾಗಿ ಕುಳಿತು ಮಾತನಾಡುವ ಯತ್ನಗಳೂ ಆಗಿವೆ. 2019ರಲ್ಲಿ ನೈರೋಬಿಯ ವಿಶ್ವಸಂಸ್ಥೆಯ ಪರಿಸರ ಸಭೆಯಲ್ಲಿ ಸ್ವಿಟ್ಜರ್‌ಲೆಂಡ್ ಕೇಳಿದ್ದು ಹವಾಮಾನ ಇಂಜಿನಿಯರಿಂಗ್ ಬಗ್ಗೆ ಕೇವಲ ಒಂದು ಅಧ್ಯಯನ ವರದಿ. ಅಮೆರಿಕ ಮತ್ತು ಸೌದಿ ಅರೇಬಿಯಾದ ವಿರೋಧದಿಂದ ನಿರ್ಣಯವನ್ನು ಹಿಂಪಡೆಯಬೇಕಾಯಿತು. 2024ರಲ್ಲಿ ಮತ್ತೆ ತಂದಾಗ, ಇದನ್ನು ಬಳಸುವುದೇ ಇಲ್ಲವೆಂಬ ಒಪ್ಪಂದದತ್ತ ಸಾಗಬೇಕೆಂದು ಆಫ್ರಿಕಾದ ದೇಶಗಳು ಪಟ್ಟು ಹಿಡಿದವು, ಒಮ್ಮತ ಮೂಡಲಿಲ್ಲ, ಅದೂ ವಾಪಸಾಯಿತು. ವಿಚಿತ್ರವೆಂದರೆ, ಅದೇ ವರ್ಷ 30 ದೇಶಗಳ 30,000ಕ್ಕೂ ಹೆಚ್ಚು ಜನರ ಅಭಿಪ್ರಾಯ ಕೇಳಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಶ್ರೀಮಂತ ದೇಶಗಳ ಜನರಿಗಿಂತ ಬಡ ಮತ್ತು ಬೆಳೆಯುತ್ತಿರುವ ದೇಶಗಳ ಜನರೇ ಇಂತಹ ತಂತ್ರಗಳ ಬಗ್ಗೆ ಹೆಚ್ಚು ಒಲವು ತೋರಿಸಿದರು. ಬಿಸಿಯ ಹೊಡೆತವನ್ನು ದಿನವೂ ತಿನ್ನುವವರು ಯಾವ ದಾರಿಯನ್ನೂ ಮುಚ್ಚಲು ಇಷ್ಟಪಡದಿರುವುದು ಸಹಜ; ಅವರ ಸರ್ಕಾರಗಳು ಇತಿಹಾಸ ನೆನಪಿಟ್ಟುಕೊಂಡು, ದೂರದವರ ಕೈಯಲ್ಲಿ ತಮ್ಮ ಮಳೆಯ ಕೀಲಿ ಕೊಡಲು ಒಪ್ಪದಿರುವುದೂ ಅಷ್ಟೇ ಸಹಜ. ಎರಡರಲ್ಲಿ ಯಾವುದನ್ನು ‘ದಕ್ಷಿಣದ ಧ್ವನಿ’ (ಬಡ ಮತ್ತು ಬೆಳೆಯುತ್ತಿರುವ ದೇಶಗಳ ಧ್ವನಿ) ಎಂದು ಕರೆಯುವುದೆಂಬ ಜಾಣತನದಲ್ಲಿ ವಾದಿಸುವವರೆಲ್ಲ ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಿದ್ದಾರೆ.

ನಂಬಿಕೆಯ ಖಾಲಿ ಜಾಗವನ್ನು ವದಂತಿಗಳೂ ತುಂಬುತ್ತವೆ. ವಿಮಾನಗಳ ಹಿಂದೆ ಮೂಡುವ ನೀರಾವಿಯ ಗೆರೆಗಳು ಸರ್ಕಾರ ಗುಟ್ಟಾಗಿ ಸಿಂಪಡಿಸುವ ವಿಷವೆಂಬ ಹಳೆಯ ಕಟ್ಟುಕಥೆಯ ಬೆನ್ನಿನಲ್ಲಿ ಅಮೆರಿಕದ ಟೆನ್ನೆಸ್ಸಿ 2024ರಲ್ಲಿ, ಫ್ಲಾರಿಡಾ 2025ರಲ್ಲಿ ಹವಾಮಾನ ಇಂಜಿನಿಯರಿಂಗ್ ನಿಷೇಧಿಸುವ ಕಾನೂನು ಮಾಡಿದವು; ಫ್ಲಾರಿಡಾದಲ್ಲಿ ದಂಡ 1 ಲಕ್ಷ ಡಾಲರ್‌ವರೆಗೆ. ಹೀಗೆ ಅಂತಾರಾಷ್ಟ್ರೀಯ ಸಮಾವೇಶಗಳಿಗೆ ಸಾಧ್ಯವಾಗದ ಕಟ್ಟುನಿಟ್ಟಿನ ನಿಷೇಧವನ್ನು ಇಲ್ಲದ ಸಂಚೊಂದರ ಭಯ ಸಾಧಿಸಿದೆ. ತಮಾಷೆಯ ಸಂಗತಿಯಾಗಬಹುದಿತ್ತು.

ಇನ್ನೊಂದು ಕಡೆ, ಹಡಗುಗಳ ಇಂಧನದಲ್ಲಿನ ಗಂಧಕದ ಮಿತಿಯನ್ನು ಅಂತಾರಾಷ್ಟ್ರೀಯ ಸಾಗರಯಾನ ಸಂಸ್ಥೆ 2020ರ ಜನವರಿ 1ರಿಂದ ಶೇ. 3.5ರಿಂದ ಶೇ. 0.5ಕ್ಕೆ ಇಳಿಸಿತು. ಬಂದರು ನಗರಗಳ ಜನರ ಶ್ವಾಸಕೋಶಗಳಿಗೆ ಇದು ಬೇಕೇ ಬೇಕಿತ್ತು. ಆದರೆ ಆ ಗಂಧಕದ ಹೊಗೆ ಸಮುದ್ರದ ಮೋಡಗಳನ್ನು ಬೆಳ್ಳಗಾಗಿಸಿ ಸ್ವಲ್ಪ ತಂಪನ್ನೂ ಕೊಡುತ್ತಿತ್ತು. ಹೊಗೆ ಹೋದ ಮೇಲೆ ಹಡಗುದಾರಿಗಳ ಮೇಲಿನ ಮೋಡದ ಗೆರೆಗಳು ಉಪಗ್ರಹ ಚಿತ್ರಗಳಲ್ಲಿ ವಿರಳವಾದವು, ಮರೆಯಲ್ಲಿದ್ದ ಬಿಸಿಯ ಒಂದು ಪಾಲು ಹೊರಬಂತು. ಅಲಮೀಡಾದ ನೌಕೆಯ ಮೇಲೆ ಅಳೆಯಲು ಹೊರಟದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಈ ಬದಲಾವಣೆಗೆ ಯಾವ ನಗರಸಭೆಯೂ ಮತ ಹಾಕಲಿಲ್ಲ. ಅದನ್ನು ಮಾಡಬಾರದಿತ್ತೆಂದು ನಾನು ಹೇಳುತ್ತಿಲ್ಲ. ಹವಾಮಾನವನ್ನು ಬದಲಿಸುವ ನಿರ್ಧಾರಗಳನ್ನು ನಾವು ಈಗಾಗಲೇ ತೆಗೆದುಕೊಳ್ಳುತ್ತಿದ್ದೇವೆ, ಆದರೆ ಅವಕ್ಕೆ ಹವಾಮಾನ ಇಂಜಿನಿಯರಿಂಗ್ ಎಂಬ ಹೆಸರಿಲ್ಲದ ಕಾರಣ ಯಾರೂ ಯಾರನ್ನೂ ಕೇಳುತ್ತಿಲ್ಲ.

ಪೂರ್ತಿ ಬಳಕೆಗೆ ಜಾಗತಿಕ ತಡೆ ಇರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಮಾಜಿ ಮುಖ್ಯಸ್ಥ ಪಾಸ್ಕಲ್ ಲಾಮಿ ಅಧ್ಯಕ್ಷತೆಯ ಹವಾಮಾನ ಆಯೋಗ 2023ರಲ್ಲಿ ಹೇಳಿದ್ದೂ, ಯುರೋಪಿಯನ್ ಆಯೋಗದ ಮುಖ್ಯ ವಿಜ್ಞಾನ ಸಲಹೆಗಾರರು 2024ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ಮಟ್ಟಿಗೆ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಸಂಶೋಧನೆಯ ವಿಷಯದಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು: ತೆರೆದ ಗಾಳಿಯಲ್ಲಾಗಲಿ ಸಮುದ್ರದಲ್ಲಾಗಲಿ ನಡೆಯುವ ಪ್ರತಿಯೊಂದು ಪ್ರಯೋಗವೂ, ಸರ್ಕಾರದ್ದಾಗಲಿ ಖಾಸಗಿಯದಾಗಲಿ, ತಿಂಗಳುಗಳ ಮೊದಲೇ ಒಂದು ಬಹಿರಂಗ ಅಂತಾರಾಷ್ಟ್ರೀಯ ದಾಖಲೆಯಲ್ಲಿ ನೋಂದಾಯಿತವಾಗಬೇಕು, ಹಣ ಕೊಟ್ಟವರು ಯಾರೆಂಬುದು ಅಲ್ಲಿ ಬರೆದಿರಬೇಕು, ಪ್ರಯೋಗ ನಡೆಯುವ ಜಾಗದ ಜನರಿಗೆ ಬೇಡವೆನ್ನುವ ಹಕ್ಕು ಮೊದಲ ದಿನದಿಂದಲೇ ಇರಬೇಕು, ನೋಂದಾಯಿಸದೆ ಬಲೂನು ಹಾರಿಸಿದವರಿಗೆ ಯಾವ ದೇಶದಲ್ಲೂ ಕ್ರೆಡಿಟ್ ಮಾರುವ ಅವಕಾಶ ಸಿಗಬಾರದು. ಅಮೆರಿಕದಲ್ಲಿ 1971ರಿಂದಲೂ ಹವಾಮಾನ ಮಾರ್ಪಾಡಿನ ಚಟುವಟಿಕೆಗಳನ್ನು ಸರ್ಕಾರಕ್ಕೆ ವರದಿ ಮಾಡಬೇಕೆಂಬ ಕಾಯ್ದೆಯಿದೆ. ಅದು ತಿಳಿಸಲು ಹೇಳುತ್ತದೆ, ತಡೆಯುವುದಿಲ್ಲ. ಆದರೂ ಅಂತಾರಾಷ್ಟ್ರೀಯ ಮಟ್ಟದಲ್ಲಿ ಅಷ್ಟೂ ಇಲ್ಲ. ಮುಂದಿನ ಪರಿಸರ ಸಭೆಗೆ ನಿರ್ಣಯ ತರುವವರು ಈ ನೋಂದಣಿ ಒಂದನ್ನೇ ಮುಂದಿಟ್ಟರೆ, ಸಂಶೋಧನೆ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಅದನ್ನು ವಿರೋಧಿಸಲು ಬಹಿರಂಗವಾಗಿ ಹೇಳಬಹುದಾದ ಕಾರಣ ಸಿಗುವುದು ಕಷ್ಟ.